ಅತ್ತೆಯ ಜೀಪು ಕೂಗುವುದನ್ನು ಬಿಟ್ಟದ್ದು

ಬೈರಾಸು ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಈಗಲೂ ಕುಕ್ಕರಿನ ಮುಚ್ಚಳ ತೆಗೆಯುವಾಗ, ಶಾಲೆಯಲ್ಲಿ ಪಾಠ ಹೇಳುತ್ತಾ ಬೋರ್ಡಿನ ಕಡೆ ತಿರುಗುವಾಗ, ಕಾರಣವೇ ಇಲ್ಲದೆ ಅದು ಮತ್ತೊಮ್ಮೆ ಒಳಗೆ ಹೋಗುತ್ತದೆ. ಕೆಂಪು ಚೌಕುಳಿಯ ಹಳೆಯ ಬೈರಾಸು. ಒಂದು ತುದಿ ಅತ್ತೆಯ ಕುತ್ತಿಗೆಯ ಸುತ್ತ, ಇನ್ನೊಂದು ತುದಿ ಜೀಪಿನ ಬೆಲ್ಟಿನ ಬಾಯಿಯಲ್ಲಿ.

ನಮ್ಮ ಕಡೆ ಹೆಂಗಸರು ಮನೆಯಲ್ಲಿ ನೈಟಿ ಹಾಕಿಕೊಂಡು, ಅದರ ಮೇಲೆ ಮೈ ಒರೆಸುವ ಬೈರಾಸನ್ನು ಹೊದೆದುಕೊಳ್ಳುತ್ತಾರೆ. ಹೆಗಲ ಮೇಲೆ ಅದೊಂದು ಇದ್ದರೆ ನೈಟಿ ಮರ್ಯಾದೆಯ ಉಡುಪು. ಯಾರು ಬಂದರೂ ಎದುರು ನಿಂತು ಮಾತಾಡಬಹುದು, ಅಂಗಡಿಗೆ ಹೋಗಬಹುದು, ನನ್ನ ಅತ್ತೆಯ ಹಾಗೆ ಜೀಪು ಕೂಡ ಬಿಡಬಹುದು. ಸುಳ್ಯ ಪೇಟೆಗಾದರೆ ಅತ್ತೆ ಸೀರೆ ಉಡುತ್ತಾರೆ. ಗುಡ್ಡೆಯಿಂದ ಕೆಳಗೆ ಹಾಲಿನ ಸೊಸೈಟಿಗೆ ಹೋಗುವುದಾದರೆ ನೈಟಿ, ಬೈರಾಸು, ಕೈಯಲ್ಲಿ ಸ್ಟಿಯರಿಂಗು.

ಮನೆ ಇರುವುದು ಅರಂತೋಡಿನಿಂದ ಮೇಲಕ್ಕೆ ಹತ್ತುವ ಒಂದು ಗುಡ್ಡೆಯಲ್ಲಿ. ದಾರಿ ಅರ್ಧಕ್ಕೆ ಡಾಮರು, ಮತ್ತೆ ಕಾಂಕ್ರೀಟು, ಕೊನೆಗೆ ಬರೀ ಕಲ್ಲು. ಗಂಡನ ಕಾರು ಕಾಂಕ್ರೀಟು ಮುಗಿಯುವಲ್ಲಿ ಒಂದು ಶೆಡ್ಡಿನಲ್ಲಿ ಮಲಗುತ್ತದೆ. ಅಂಗಳದವರೆಗೆ ಬರುವುದು ಜೀಪು ಮಾತ್ರ, ನಾಲ್ಕು ಚಕ್ರವೂ ಎಳೆಯುವ ಡೀಸೆಲ್ ಜೀಪು, ನನ್ನ ಮದುವೆಗಿಂತ ಎಷ್ಟೋ ಹಳೆಯದು. ಅತ್ತೆ ಬಿಡಲು ಕಲಿತದ್ದು ಕಡಬದ ತವರಿನಲ್ಲಿ, ಅವರ ಅಪ್ಪನ ರಬ್ಬರ್ ತೋಟದ ದಾರಿಯಲ್ಲಿ. ಬೆಳಿಗ್ಗೆ ನಮ್ಮ ಹಾಲಿನ ಜೊತೆಗೆ ದಾರಿಯುದ್ದಕ್ಕೂ ನೆರೆಯವರು ಇಟ್ಟ ಕ್ಯಾನುಗಳನ್ನೂ ಏರಿಸಿಕೊಂಡು ಸೊಸೈಟಿಗೆ ಹಾಕಿ ಬರುತ್ತಾರೆ. ಅದು ಮುಗಿದ ಮೇಲೆ ಜೀಪು ಅವರದು. ಮನಸ್ಸಾದರೆ ತಂಗಿಯ ಮನೆ, ಮನಸ್ಸಾದರೆ ಯಾರದ್ದೋ ಸೀಮಂತ. "ನನ್ನನ್ನೊಮ್ಮೆ ಬಿಟ್ಟು ಬಾ ಅಂತ ಗಂಡಸರ ಹತ್ರ ಕೇಳುವ ದಿನ ಬಂದ್ರೆ ನಾನು ಎಲ್ಲಿಗೂ ಹೋಗುದಿಲ್ಲ" ಎಂದು ಅವರು ಒಮ್ಮೆ ಹೇಳಿದ್ದರು. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಜೀಪಿಗೆ ಒಂದೇ ಚಾಳಿ, ಕೂಗುವುದು. ಸ್ಟಾರ್ಟ್ ಮಾಡಿದ ಕೂಡಲೇ, ಏರು ಹತ್ತುವಾಗ, ಲೈಟು ಹಾಕಿದಾಗ, ಕತ್ತಿಗೆ ಸಿಕ್ಕಿದ ಕೋಳಿಯ ಹಾಗೆ. ಕೂಗುವುದು ಫ್ಯಾನ್ ಬೆಲ್ಟು. ಎಂಜಿನ್ನಿನ ಮುಂಭಾಗದಲ್ಲಿ ಮೂರು ರಾಟೆಗಳಿವೆ. ಕೆಳಗಿನದು ಎಂಜಿನ್ನಿನದು, ಮೇಲಿನದು ಫ್ಯಾನಿನದು, ಪಕ್ಕದ್ದು ಬ್ಯಾಟರಿ ಚಾರ್ಜು ಮಾಡುವ ಡೈನಮೋದ್ದು. ಮೂರನ್ನೂ ಸುತ್ತಿ ಒಂದು ರಬ್ಬರ್ ಬೆಲ್ಟು ಓಡುತ್ತದೆ. ಅದು ಹಿಡಿತ ಸಿಗದೆ ಜಾರಿದರೆ ಕೂಗುತ್ತದೆ. ಮಕ್ಕಳಿಗೆ ವರ್ಷವರ್ಷವೂ ಘರ್ಷಣೆಯ ಪಾಠ ಮಾಡುವ ನನಗೆ ಇದರಲ್ಲಿ ವಿಶೇಷ ಕಾಣಬೇಕಿತ್ತು. ಕಂಡಿರಲಿಲ್ಲ. ಕೂಗಿದಾಗ ಬೆಲ್ಟಿಗೆ ಬಟ್ಟೆ ಒಗೆಯುವ ಬಾರ್ ಸೋಪು ಹಿಡಿಯುವುದು ನಮ್ಮ ಗುಡ್ಡೆಯ ಎಲ್ಲ ಗಾಡಿಗಳ ಮದ್ದು. ಓಡುತ್ತಿರುವ ಬೆಲ್ಟಿಗೆ ಸೋಪಿನ ಅಂಚನ್ನು ಮೆಲ್ಲನೆ ತಾಗಿಸಿದರೆ ಕೂಗು ನಿಲ್ಲುತ್ತದೆ, ಒಂದೆರಡು ದಿನಕ್ಕೆ.

ಬೇಸಿಗೆ ರಜೆಯಾದ್ದರಿಂದ ಆ ಬೆಳಿಗ್ಗೆ ನಾನು ಮನೆಯಲ್ಲಿದ್ದೆ. ಬಾನೆಟ್ಟನ್ನು ಎತ್ತಿ ನಿಲ್ಲಿಸುವ ಕಂಬಿ ಮುರಿದು ಎಷ್ಟೋ ಕಾಲವಾಗಿತ್ತು. ಒಂದು ಕೋಲು ಕೊಟ್ಟು ನಿಲ್ಲಿಸುತ್ತಿದ್ದರು. ಆವತ್ತು ಕೋಲು ಸಿಗಲಿಲ್ಲ.

"ನೀನೇ ಹಿಡ್ಕೊ ಮಾರಾಯ್ತಿ, ಒಂದು ನಿಮಿಷದ ಕೆಲಸ" ಎಂದರು ಅತ್ತೆ.

ನಾನು ಎರಡೂ ಕೈಯಲ್ಲಿ ಬಾನೆಟ್ಟು ಎತ್ತಿ ಹಿಡಿದು ನಿಂತೆ. ಹಳೆಯ ಕಾಲದ ತಗಡು, ಒಳ್ಳೆಯ ಭಾರ. ಅತ್ತೆ ಅದರ ಅಡಿಗೆ ಬಗ್ಗಿ ಸೋಪು ಹಿಡಿದರು. ಕೂಗು ಸಣ್ಣದಾಯಿತು. ಅವರು ತಲೆ ತಿರುಗಿಸಿ ನನ್ನ ಕಡೆ ನೋಡಿ ನಕ್ಕರು. ತಿರುಗಿದ್ದಕ್ಕೆ ಹೆಗಲ ಮೇಲಿನ ಬೈರಾಸು ಜಾರಿತು.

ಜಾರಿದ ತುದಿ ಡೈನಮೋದ ರಾಟೆಯ ಹತ್ತಿರ ಬೆಲ್ಟಿನ ಅಡಿಗೆ ಹೋಯಿತು. ಎಳೆದುಕೊಂಡಿತು ಎನ್ನುವುದಕ್ಕಿಂತ ನುಂಗಿತು ಎನ್ನಬೇಕು. ಅತ್ತೆಯ ನಗು ಮುಖದಲ್ಲಿ ಇನ್ನೂ ಇತ್ತು, ಗಲ್ಲ ಮಾತ್ರ ಗ್ರಿಲ್ಲಿಗೆ ಬಡಿಯಿತು. ನಾನು ಬಾನೆಟ್ಟು ಬಿಟ್ಟರೆ ಅದು ಅವರ ತಲೆಯ ಮೇಲೆ ಬೀಳುತ್ತದೆ. ಬಿಡದಿದ್ದರೆ ನನಗೆ ಕೈಯಿಲ್ಲ. ಆ ಹೊತ್ತಿನಲ್ಲಿ ನಾನು ಮಾಡಿದ್ದು ಕಿರುಚಿದ್ದು ಮಾತ್ರ. ಜೀಪು ನನಗಿಂತ ಜೋರಾಗಿ ಕಿರುಚಿತು. ಮತ್ತೆ 'ಪರ್' ಎಂದು ಒಂದು ಶಬ್ದ. ತೊಳೆದು ತೊಳೆದು ಸೊಳ್ಳೆಪರದೆಯಷ್ಟು ತೆಳ್ಳಗಾಗಿದ್ದ ಬೈರಾಸು ಹರಿಯಿತು. ಅತ್ತೆ ಹಿಂದಕ್ಕೆ ಅಂಗಳದಲ್ಲಿ ಕುಳಿತರು. ಹರಿದ ಬಟ್ಟೆ ಫ್ಯಾನಿಗೆ ಸುತ್ತಿಕೊಂಡಿತು, ಒಂದು ಎಲೆ ಬಾಗಿತು, ಬಾಗಿದ ಎಲೆ ಎದುರಿನ ರೇಡಿಯೇಟರನ್ನು ತೆಂಗಿನಕಾಯಿ ತುರಿದ ಹಾಗೆ ತುರಿಯಿತು. ತುಕ್ಕುನೀರು ನನ್ನ ಪಾದದ ಮೇಲೆ ಸುರಿಯಿತು. ಆಗಷ್ಟೇ ಸ್ಟಾರ್ಟ್ ಮಾಡಿದ್ದರಿಂದ ನೀರು ಬಿಸಿಯಾಗಿರಲಿಲ್ಲ, ಅದೊಂದು ಪುಣ್ಯ.

ಎಂಜಿನ್ ಆಫ್ ಮಾಡಿದ್ದು ಕೂಡ ಅತ್ತೆಯೇ. ಎದ್ದು, ನೈಟಿ ಕೊಡವಿಕೊಂಡು, ಒಳಗೆ ಕೈ ಹಾಕಿ ನಿಲ್ಲಿಸಿ ಬಂದರು. "ಎಂತ ಇಲ್ಲೆ, ಎಂತ ಇಲ್ಲೆ" ಎಂದು ಹೇಳುತ್ತಲೇ ಇದ್ದರು. ನಾನು ಪುತ್ತೂರಿನ ಕೆದಂಬಾಡಿಯವಳು, ಅರೆಭಾಷೆ ಬಾರದವಳು. ಮನೆಯವರೊಂದಿಗೆ ಅರೆಭಾಷೆ ಆಡುವ ಅತ್ತೆ ನನ್ನ ಎದುರು ಯಾವಾಗಲೂ ಕನ್ನಡದಲ್ಲಿ ಮಾತಾಡುತ್ತಾರೆ. ಅವರಿಗೂ ಜೀವ ಹಾರಿತ್ತೆಂದು ಗೊತ್ತಾದದ್ದು ಆ ಅರೆಭಾಷೆಯ 'ಇಲ್ಲೆ'ಯಿಂದ. ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆ ಬಿಟ್ಟರೆ ಅವರಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ.

"ಇನ್ನು ಬಾನೆಟ್ಟು ಇಳಿಸು" ಎಂದರು. ನನಗೆ ಕೈ ಮಡಚಲು ಬರಲಿಲ್ಲ. ಅವರೇ ಬಂದು ನನ್ನ ಬೆರಳುಗಳನ್ನು ಬಿಡಿಸಿ ಇಳಿಸಿದರು.

ತೋಟದಿಂದ ಬಂದ ಗಂಡ ಮೊದಲು ಅಮ್ಮನ ಕುತ್ತಿಗೆ ನೋಡಿದರು, ಆಮೇಲೆ ಜೀಪಿನ ಮೂತಿ ನೋಡಿದರು, ಕೊನೆಗೆ ನನ್ನನ್ನು ಕೇಳಿದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೇಳುವಾಗ ಎರಡು ಕೈಯೂ ತಾವಾಗಿ ಮೇಲೆ ಹೋದವು.

"ಇದು ಮನೆಯಲ್ಲಿ ಇರುದು ಬೇಡ. ಸುಳ್ಯದಲ್ಲಿ ಹಳೆ ಜೀಪು ತಗೊಳ್ಳುವವರು ಎಷ್ಟು ಸಲ ಕೇಳಿದ್ದಾರೆ" ಎಂದರು ಗಂಡ.

"ಕೇಳಲಿ. ನಿನ್ನನ್ನು ಕೊಡ್ತೇನೆ ಬೇಕಾದ್ರೆ" ಎಂದರು ಅತ್ತೆ.

"ತಮಾಷೆ ಸಾಕು ಅಮ್ಮ. ಇವಳ ಕೈ ನೋಡು, ಇನ್ನೂ ಮೇಲೆಯೇ ಉಂಟು."

ನನ್ನ ಕೈ ನೋಡಿದ ಅತ್ತೆ ಸ್ವಲ್ಪ ಮೆತ್ತಗಾದರು. ನಿಜ ಹೇಳಬೇಕೆಂದರೆ ಜೀಪು ಹೋಗಲಿ ಎಂದೇ ನನಗೂ ಇತ್ತು. ಕೊನೆಗೆ ಅಮ್ಮ ಮಗ ಮಾತಾಡಿಕೊಂಡು ಒಂದು ಒಪ್ಪಂದಕ್ಕೆ ಬಂದರು. ಸರಿಯಾದ ಕಡೆ ಕೊಟ್ಟು ಹೊಸ ರೇಡಿಯೇಟರ್ ಹಾಕಿಸುವುದು. ಕೂಗನ್ನು ಬೇರಿನಿಂದ ತೆಗೆಸುವುದು. ಸೋಪು ಬಂದ್. ಅದಾದ ಮೇಲೂ ಜೀಪು ಒಂದು ಸಲ ಕೂಗಿದರೆ, ಒಂದೇ ಒಂದು ಸಲ, ಮಾರುವುದು. ಅತ್ತೆ "ಆಯ್ತು" ಎಂದರು. ರಿಪೇರಿಗೆ ನಾನೂ ಜೊತೆಗೆ ಹೋಗಬೇಕೆಂದು ಗಂಡ ಹೇಳಿದರು. ಕೂಗಿದರೂ ಕೂಗಲಿಲ್ಲ ಎಂದು ಅಮ್ಮ ಬಂದು ಹೇಳುತ್ತಾರೆಂದು ಅವರ ಅನುಮಾನ.

ಹಾಗೆ ಒಂದು ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಜೀಪು ಪುತ್ತೂರು ದಾಟಿ ಕಬಕಕ್ಕೆ ಹೋಯಿತು. ಹಗ್ಗದ ತುದಿಯಲ್ಲಿ ಸ್ಟಿಯರಿಂಗು ಹಿಡಿದು ಕುಳಿತ ಅತ್ತೆ, ಸೀರೆ ಉಟ್ಟು, ಹೂ ಮುಡಿದು, ದಾರಿಯಲ್ಲಿ ಕಂಡ ಪರಿಚಯದವರಿಗೆಲ್ಲ ಕೈ ಬೀಸಿದರು. ನಾನು ಪಕ್ಕದಲ್ಲಿ ಕುಳಿತು ಹಗ್ಗವನ್ನೇ ನೋಡುತ್ತಿದ್ದೆ. ಅದು ತುಂಡಾದರೆ ಏನಾದೀತೆಂದು ಎಲ್ಲ ರೀತಿಯಲ್ಲೂ ಕಲ್ಪಿಸಿ ಮುಗಿಯುವಾಗ ಕಬಕ ಬಂದಿತ್ತು.

ಕಬಕದ ಮೆಕ್ಯಾನಿಕ್ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ. ವರ್ಷಗಟ್ಟಲೆ ಗಲ್ಫಿನಲ್ಲಿ ದೊಡ್ಡ ದೊಡ್ಡ ಗಾಡಿಗಳ ಕೆಲಸ ಮಾಡಿ ಬಂದವರು. ಅದನ್ನು ಅವರು ಯಾರಿಗೂ ಮರೆಯಲು ಬಿಡುವುದಿಲ್ಲ.

"ಅಮ್ಮ, ಇದೆಲ್ಲ ಎಂತ ಗಾಡಿ! ಅಲ್ಲಿ ಮರಳಿನಲ್ಲಿ ಓಡುವ ಗಾಡಿಯ ರೇಡಿಯೇಟರ್ ನೋಡ್ಬೇಕು ನೀವು, ನಿಮ್ಮ ಮನೆ ಬಾಗಿಲಿನಷ್ಟು ಉಂಟು."

"ನಮ್ಮ ಮನೆ ಬಾಗಿಲು ನೀವು ನೋಡಿದ್ದುಂಟಾ?" ಎಂದರು ಅತ್ತೆ.

"ಕರೆದ್ರೆ ಅಲ್ವಾ ಬರುದು?"

ಬಾನೆಟ್ಟು ಎತ್ತಿ ಒಳಗೆ ಬಗ್ಗಿದರು. ಫ್ಯಾನಿನಿಂದ ಕೆಂಪು ನೂಲೊಂದನ್ನು ಎಳೆದು ನನ್ನ ಮುಖ ನೋಡಿದರು. ನಾನು ಹೇಳಿದೆ. ಎಷ್ಟನೆಯ ಸಲವೋ, ಕೈ ಮತ್ತೆ ಮೇಲೆ ಹೋಯಿತು. ಅವರು ತಮ್ಮ ಬಲಗೈಯ ಕಿರುಬೆರಳು ತೋರಿಸಿದರು. ಅದಕ್ಕೆ ಉಗುರಿರಲಿಲ್ಲ.

"ಅಲ್ಲಿಯದ್ದಾ?" ಎಂದು ಕೇಳಿದರು ಅತ್ತೆ.

"ಇಲ್ಲಿಯದ್ದೇ. ಅಲ್ಲಿ ಓಡುವ ಎಂಜಿನ್ನಿಗೆ ಕೈ ಹಾಕ್ಲಿಕ್ಕೆ ಬಿಡುದಿಲ್ಲ." ಮತ್ತೆ ಮೊದಲಿನ ದನಿಗೆ ಬಂದು, "ಬೆಲ್ಟಿಗೆ ಸೋಪು ಹಚ್ಚುದು ಅಂದ್ರೆ ಅಳುವ ಮಗುವಿಗೆ ಲಡ್ಡು ಕೊಟ್ಟ ಹಾಗೆ ಅಮ್ಮ. ಈಗ ಬಾಯಿ ಮುಚ್ತದೆ, ನಾಳೆ ಇನ್ನೂ ಜೋರು ಅಳ್ತದೆ" ಎಂದರು.

"ನಿಮ್ಮ ಮಾತಿಗೊಂದು ಬ್ರೇಕು ಹಾಕಿ. ಮೊದಲು ಅದನ್ನು ಇಳಿಸಿ."

ಇಳಿಸುವುದೇ ಅರ್ಧ ದಿನದ ಕೆಲಸವಾಯಿತು. ಉಳಿದ ನೀರನ್ನು ಅಡಿಯ ತಿರುಪಿನಿಂದ ಬಿಟ್ಟರು, ಚಹಾದ ಗಸಿಯ ಹಾಗೆ ಬಂತು. ಮೇಲಿನ ಕೆಳಗಿನ ರಬ್ಬರ್ ಕೊಳವೆಗಳು ಅಂಟಿ ಹೋಗಿದ್ದವು, ಬ್ಲೇಡಿನಲ್ಲಿ ಕೊಯ್ದು ತೆಗೆದರು. ಬೋಲ್ಟುಗಳು ತುಕ್ಕಿನಲ್ಲಿ ಕಲ್ಲಾಗಿದ್ದವು, ಎಣ್ಣೆ ಕುಡಿಸಿ, ತಟ್ಟಿ, ಬೈದು, ಒಂದನ್ನು ಕೊನೆಗೆ ಕೊಯ್ದರು. ಹಳೆಯ ರೇಡಿಯೇಟರ್ ನೆಲಕ್ಕೆ ಬಂದಾಗ ಅದರ ಎದೆಯಲ್ಲಿ ಅರ್ಧ ಚಂದ್ರನ ಆಕಾರದ ಗಾಯ. ಹಿತ್ತಾಳೆಯ ತೆಳು ಎಲೆಗಳು ಒಂದಕ್ಕೊಂದು ಮಡಚಿ ಅಂಟಿದ್ದವು. ಅತ್ತೆ ಬಗ್ಗಿ ಅದನ್ನು ಸವರಿದರು. ನಾನು ಆ ಗಾಯದ ಜಾಗದಲ್ಲಿ ಬೇರೆ ಏನನ್ನೋ ಕಂಡು ಎದ್ದು ಹೊರಗೆ ಹೋದೆ.

ಹೊಸ ರೇಡಿಯೇಟರ್ ಪುತ್ತೂರಿನಿಂದ ಆಟೋದಲ್ಲಿ ಬಂತು, ಮೊಮ್ಮಗುವನ್ನು ಕೂರಿಸಿಕೊಂಡ ಹಾಗೆ ಡ್ರೈವರಿನ ಪಕ್ಕದಲ್ಲಿ. ಹಳೆಯದರ ಪಕ್ಕ ಮಲಗಿಸಿ ಕೊಳವೆಯ ಬಾಯಿ, ಬೋಲ್ಟಿನ ತೂತು ಎಲ್ಲ ತಾಳೆ ನೋಡಿದರು. ಅಡಿಗೆ ಹೊಸ ರಬ್ಬರಿನ ಬಿಲ್ಲೆ ಹಾಕಿ ಕೂರಿಸಿದರು, ಹೊಸ ಕೊಳವೆ, ಹೊಸ ಕ್ಲಿಪ್ಪು, ಹೊಸ ಫ್ಯಾನು. ಫ್ಯಾನಿನ ಸುತ್ತ ತಗಡಿನ ಒಂದು ಗೂಡು ಇರಬೇಕು, ಅದೆಲ್ಲಿ ಎಂದು ಕೇಳಿದರು.

"ಅದು ಕೋಳಿಗೆ ಇಟ್ಟಿದ್ದೇನೆ. ಮರಿಗಳನ್ನು ಮುಚ್ಲಿಕ್ಕೆ ಹೇಳಿ ಮಾಡಿಸಿದ ಹಾಗೆ ಉಂಟು" ಎಂದರು ಅತ್ತೆ.

ಮೆಕ್ಯಾನಿಕ್ ಹಣೆಗೆ ಕೈ ಹಚ್ಚಿದರು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಬಾಗಿಸಿ ಹೊಸ ಗೂಡು ಮಾಡಿಸಿದರು. ಅದು ಕೂತ ಮೇಲೆ ಫ್ಯಾನಿನ ಕಡೆ ನೋಡಲು ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಹಸಿರು ಕೂಲಂಟ್ ಸುರಿದರು. "ಇದೆಂತ, ಶರಬತ್ತಾ?" ಎಂದು ಕೇಳಿದ ಅತ್ತೆಗೆ, "ಹೌದು, ನಿಮಗೆ ಬೇರೆ ತರಿಸ್ತೇನೆ" ಎಂದರು. ನಿಜವಾಗಿಯೂ ರಿಪೇರಿ ಶೆಡ್ಡಿನ ಹಿಂದಿನ ಅವರ ಮನೆಯಿಂದ ಚಹಾ ಬಂತು, ಎಣ್ಣೆಯಲ್ಲಿ ಉಬ್ಬಿದ ಅಕ್ಕಿಯ ರೊಟ್ಟಿ ನೈಪತ್ತಿರ್ ಬಂತು, ಅದಕ್ಕೆ ಕೋಳಿ ಸಾರು ಬಂತು. ತಿನ್ನುತ್ತಿದ್ದಾಗ ಗಂಡನ ಫೋನು.

"ಕೂಗಿತಾ?"

"ಇನ್ನೂ ಸ್ಟಾರ್ಟೇ ಮಾಡ್ಲಿಲ್ಲ" ಎಂದೆ.

"ಸ್ಟಾರ್ಟ್ ಮಾಡಿದ ಮೇಲೆ ಹೇಳು."

ಬೆಲ್ಟು ಕೂಡ ಹೊಸತು, ಗಾಡಿಯ ಮಾಡೆಲ್ ಹೇಳಿ ತರಿಸಿದ್ದು. ಹಳೆಯದನ್ನು ಮೆಕ್ಯಾನಿಕ್ ನನಗೆ ತೋರಿಸಿದರು. ಸೋಪು ಕುಡಿದು ಕುಡಿದು ಅದರ ಬದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹೊಸದನ್ನು ಏರಿಸಿ, ಡೈನಮೋವನ್ನು ಕಬ್ಬಿಣದ ಸರಳಿನಿಂದ ಮೀಟಿ, ಹೆಬ್ಬೆರಳಿನಲ್ಲಿ ಒತ್ತಿ ಬಿಗಿ ನೋಡಿ ಬೋಲ್ಟು ಮುಚ್ಚಿದರು.

"ಇನ್ನು ನಿಮ್ಮ ಜೀಪು ಕೂಗಿದ್ರೆ ನಾನು ಮೀಸೆ ಬೋಳಿಸ್ತೇನೆ ಅಮ್ಮ."

"ನಿಮಗೆ ಮೀಸೆ ಎಲ್ಲುಂಟು? ಗಡ್ಡ ಮಾತ್ರ ಇರುದು."

"ಅದೇ ಧೈರ್ಯದಲ್ಲಿ ಹೇಳಿದ್ದು."

ಸ್ಟಾರ್ಟ್ ಮಾಡಿದರು. ರೇಡಿಯೇಟರಿನ ಮುಚ್ಚಳ ತೆರೆದೇ ಇಟ್ಟು ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಬಂದು ಮುಗಿಯುವವರೆಗೆ ಕಾದರು. ಒಂದು ಹನಿ ಸೋರಲಿಲ್ಲ. ಎಂಜಿನ್ನು ಸದ್ದಿಲ್ಲದೆ, ಅಂದರೆ ಡೀಸೆಲ್ ಜೀಪಿಗೆ ಸಾಧ್ಯವಾದಷ್ಟು ಸದ್ದಿಲ್ಲದೆ, ಓಡುತ್ತಿತ್ತು. ಅತ್ತೆಯ ಮುಖ ಅರಳಿತು. ಮೆಕ್ಯಾನಿಕ್ ಲೈಟು ಹಾಕಿದರು.

ಜೀಪು ಕೂಗಿತು.

ಲೈಟು ಆರಿಸಿದರೆ ನಿಲ್ಲುತ್ತದೆ, ಹಾಕಿದರೆ ಕೂಗುತ್ತದೆ. ಮತ್ತೆ ಬಿಗಿ ಮಾಡಿದರು, ಕೂಗಿತು. ಇನ್ನೂ ಬಿಗಿ ಮಾಡಿದರು, ಡೈನಮೋ ಒಂದು ರೀತಿ ಮುಲುಗಲು ಸುರು ಮಾಡಿತು, ಅದರ ಮೇಲೆ ಕೂಗಿತು. ಗಲ್ಫಿನ ಸುದ್ದಿ ಪೂರ್ತಿ ನಿಂತುಹೋಯಿತು. ನನ್ನ ಬ್ಯಾಗಿನೊಳಗೆ ಫೋನು ಗುಂಯ್ಯೆನ್ನತೊಡಗಿತು. ಯಾರದೆಂದು ನೋಡುವ ಅಗತ್ಯವಿರಲಿಲ್ಲ.

ಅತ್ತೆ ಒಂದು ಟಯರಿನ ಮೇಲೆ ಕುಳಿತಿದ್ದರು. "ಇನ್ನು ಕೊಡುದೇ ಅಲ್ವಾ?" ಎಂದು ನನ್ನನ್ನು ಕೇಳಿದರು. ಸೀರೆಯ ಸೆರಗಿನ ಅಂಚಿನಿಂದ ಕುತ್ತಿಗೆಯ ಕೆಂಪು ಗೆರೆ ಕಾಣುತ್ತಿತ್ತು. ಬೆಲ್ಟಿಗೆ ಸಿಕ್ಕಿಕೊಂಡಾಗ ಕೂಡ ಅವರ ಮುಖ ಹಾಗಿರಲಿಲ್ಲ. ಆಗ ನಗು ಇತ್ತಲ್ಲ. ಈಗ ಇರಲಿಲ್ಲ. ಜೀಪು ಹೋಗಲಿ ಎಂದುಕೊಂಡಿದ್ದ ನಾನು ಫೋನು ಎತ್ತಲಿಲ್ಲ. ಎದ್ದು ಹೋಗಿ ಎಂಜಿನ್ನಿನ ಎದುರು ನಿಂತೆ, ಎರಡು ಮಾರು ದೂರದಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿ.

ಬೇರೆ ಯಾರಾದರೂ ಎಲ್ಲ ಕಡೆ ನೋಡುತ್ತಿದ್ದರು. ನನ್ನ ಕಣ್ಣಿಗೆ ನೋಡಲು ಇದ್ದದ್ದು ಒಂದೇ ಜಾಗ, ಬೈರಾಸು ಒಳಗೆ ಹೋದ ಜಾಗ. ದಿನಗಟ್ಟಲೆ ಅದನ್ನೇ ನೋಡುತ್ತಿದ್ದೇನೆ, ಕಣ್ಣು ಮುಚ್ಚಿದರೂ. ಹಾಗೆ ನೋಡುತ್ತಿದ್ದಾಗ ಒಂದು ಗೊತ್ತಾಯಿತು. ಕೆಳಗಿನ ರಾಟೆಯಲ್ಲಿ ಬೆಲ್ಟಿನ ಬೆನ್ನು ರಾಟೆಯ ಅಂಚಿಗೆ ಸಮನಾಗಿತ್ತು. ಫ್ಯಾನಿನ ರಾಟೆಯಲ್ಲೂ ಹಾಗೆಯೇ. ಡೈನಮೋದ ರಾಟೆಯಲ್ಲಿ ಮಾತ್ರ ಬೆಲ್ಟು ಅಂಚಿನಿಂದ ಎಷ್ಟೋ ಒಳಗೆ ಇಳಿದು ಓಡುತ್ತಿತ್ತು, ದೊಡ್ಡವರ ಚಪ್ಪಲಿಯೊಳಗೆ ಮಗುವಿನ ಕಾಲಿನ ಹಾಗೆ.

"ಅಲ್ಲಿ ಯಾಕೆ ಅದು ಅಷ್ಟು ಒಳಗೆ ಹೋಗುದು?" ಎಂದು ಕೇಳಿದೆ.

ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ ಬಗ್ಗಿದರು. ಆ ರಾಟೆಯ ಮೇಲೆ ಎಣ್ಣೆ, ಮಣ್ಣು, ಸೋಪು ಎಲ್ಲ ಸೇರಿ ದಪ್ಪ ಪದರ ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರು, ಬಟ್ಟೆಗೆ ಡೀಸೆಲ್ ಹಾಕಿ ಒರೆಸಿದರು. ಅಡಿಯಿಂದ ಒಂದು ಬಣ್ಣ ಬಂತು. ತಿಳಿ ನೀಲಿ. ಅದು ಮೈಲುತುತ್ತಿನ ನೀಲಿ. ಸುಣ್ಣದೊಂದಿಗೆ ಕಲಸಿ ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಮದ್ದು, ಸುಳ್ಯ, ಪುತ್ತೂರು, ಕಡಬ ಈ ಮೂರು ತಾಲೂಕಿನಲ್ಲಿ ಅದನ್ನು ಗುರುತಿಸದವರು ಯಾರಿದ್ದಾರೆ? ಮಳೆಗಾಲದಲ್ಲಿ ನಮ್ಮ ಗೋಡೆ, ಚಪ್ಪಲಿ, ನಾಯಿ ಎಲ್ಲ ಆ ಬಣ್ಣ.

ಮೆಕ್ಯಾನಿಕ್ ಮೆಲ್ಲನೆ ತಲೆ ಎತ್ತಿದರು. "ಅಮ್ಮ, ನೀವು ಜೀಪಿಗೂ ಮದ್ದು ಬಿಟ್ಟಿದ್ದೀರಾ?"

ಅತ್ತೆ ಎದ್ದು ಬಂದು ನೋಡಿದರು. ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಭುಜ ಕುಲುಕಲು ಸುರುವಾಯಿತು.

"ಅಯ್ಯೋ ಮಾರಾಯ್ರೆ, ಅದು ನಮ್ಮ ಮದ್ದಿನ ಪಂಪಿನ ರಾಟೆ!"

ಯಾವುದೋ ವರ್ಷ ಜೀಪಿನ ಡೈನಮೋದ ರಾಟೆ ಒಡೆದಿತ್ತಂತೆ. ಹಾಲು ಕೊಂಡುಹೋಗಲೇಬೇಕು. ಮದ್ದು ಸಿಂಪಡಿಸುವ ಹಳೆಯ ಪಂಪು ಕೆಟ್ಟು ಮೂಲೆಯಲ್ಲಿ ಬಿದ್ದಿತ್ತು. ಅದರ ರಾಟೆ ಕಳಚಿ ಸುಳ್ಯದಲ್ಲಿ ಲೇತ್ ಅಂಗಡಿಗೆ ಕೊಟ್ಟು, ನಡುವಿನ ತೂತಿಗೊಂದು ಬುಷ್ ಎನ್ನುವ ಬಳೆ ಕೂಡಿಸಿ, ಜೀಪಿಗೆ ಹಾಕಿಸಿದರಂತೆ. ಮತ್ತೆ ಬೆಲ್ಟು ಹೋದಾಗ ಪಂಪಿನ ಬೆಲ್ಟನ್ನೇ ಹಾಕಿದರಂತೆ. ದುಂಡಗೆ ಇದೆ, ನಡುವೆ ಕಾಲುವೆ ಇದೆ, ಬೆಲ್ಟು ಕೂರುತ್ತದೆ. ರಾಟೆ ಅಂದರೆ ಇನ್ನೇನು? ಪಂಪಿನ ಬೆಲ್ಟು ದಪ್ಪ, ಜೀಪಿನದು ಸಪೂರ ಎನ್ನುವುದನ್ನು ಯಾರೂ ನೋಡಲಿಲ್ಲ. ಹಳೆಯ ದಪ್ಪ ಬೆಲ್ಟು ಪಂಪಿನ ರಾಟೆಯಲ್ಲಿ ಸರಿಯಾಗಿ ಕೂತು ಉಳಿದೆರಡರಲ್ಲಿ ಜಾರಿ ಕೂಗಿತು. ಹೊಸ ಸಪೂರ ಬೆಲ್ಟು ಉಳಿದೆರಡರಲ್ಲಿ ಕೂತು ಇದರಲ್ಲಿ ಜಾರಿ ಕೂಗಿತು.

ಅತ್ತೆಯನ್ನು ಮಾತ್ರ ಹೇಳಿ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ತನ್ನದೇ ಅಂಗಾಂಗ ಇಟ್ಟುಕೊಂಡ ಯಂತ್ರ ಒಂದೂ ಇಲ್ಲ. ಅಡಿಕೆ ಸುಲಿಯುವ ಯಂತ್ರದ ಬೋಲ್ಟು ಗ್ರೈಂಡರಿನಲ್ಲಿದೆ. ಗ್ರೈಂಡರಿನ ಕಾಲು ಟಿವಿಯ ಅಡಿಯಲ್ಲಿದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸ್ಕೂಟರಿನ ಹ್ಯಾಂಡಲು. ಕೋಳಿಗಳ ಸುದ್ದಿ ಆಗಲೇ ಹೇಳಿದೆ. ಕೆದಂಬಾಡಿಯ ನನ್ನ ಅಪ್ಪನ ಮನೆಯಲ್ಲೂ ಇದೇ ಕತೆ. ಪೇಟೆ ದೂರ ಇದ್ದವರೆಲ್ಲ ಹೀಗೆಯೇ ಬದುಕುವುದು.

"ಗಲ್ಫಿನಲ್ಲಿ ಇಂಥದ್ದು ನೋಡಿದ್ದೀರಾ?" ಎಂದು ಕೇಳಿದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

"ಇಲ್ಲ ಅಮ್ಮ. ಅಲ್ಲಿ ಅಡಿಕೆ ಇಲ್ಲ, ನೀವೂ ಇಲ್ಲ." ಮತ್ತೆ ತಮ್ಮಷ್ಟಕ್ಕೆ, "ನಾನಾದ್ರೂ ಮೊದಲೇ ಕೆರೆದು ನೋಡ್ಬೇಕಿತ್ತು. ಹೊಸ ಬೆಲ್ಟಿನ ಅಹಂಕಾರ" ಎಂದರು.

ಶೆಡ್ಡಿನ ಹಿಂದಿನ ಕಬ್ಬಿಣದ ರಾಶಿಯಲ್ಲಿ ಒಂದು ಮುದಿ ಡೈನಮೋ ಇತ್ತು, ಇದೇ ಜಾತಿಯ ಜೀಪಿನದು. ಅದರ ರಾಟೆ ತೆಗೆದು, ಅಂಚುಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಉಳಿದ ಎರಡು ರಾಟೆಗಳ ಸೋಪನ್ನೂ ತೊಳೆದು ಹಾಕಿದರು. ಒಂದು ಉದ್ದದ ಪಟ್ಟಿ ಹಿಡಿದು ಮೂರೂ ಒಂದೇ ಸಾಲಿನಲ್ಲಿ ಇವೆಯೇ ಎಂದು ನೋಡಿದರು. ಈ ಸಲ ಬೆಲ್ಟು ಮೂರರಲ್ಲೂ ಸಮನಾಗಿ ಕೂತಿತು. ಸ್ಟಾರ್ಟ್ ಮಾಡಿ ಲೈಟು ಹಾಕಿದರು, ವೈಪರ್ ಹಾಕಿದರು, ಹಾರನ್ ಒತ್ತಿ ಹಿಡಿದರು. ಅತ್ತೆ ತಲೆ ಓರೆ ಮಾಡಿ, ದೂರದ ರೇಡಿಯೋ ಕೇಳುವವರ ಹಾಗೆ ನಿಂತಿದ್ದರು. ಕೂಗಲಿಲ್ಲ. ಎಂಜಿನ್ ಓಡುತ್ತಿದ್ದಾಗ ಮೆಕ್ಯಾನಿಕ್ ಯಾರನ್ನೂ ಹತ್ತಿರ ಬಿಡಲಿಲ್ಲ, ತಾವೂ ಹೋಗಲಿಲ್ಲ. ಬಾನೆಟ್ಟಿಗೊಂದು ಹೊಸ ಕಂಬಿಯನ್ನೂ ಹಾಕಿಕೊಟ್ಟರು, ನಾನು ಕೇಳಿರಲಿಲ್ಲ.

ಫೋನು ಎತ್ತಿದೆ.

"ಕೂಗಿತಾ?"

"ಮನೆಗೆ ಬಂದು ಹೇಳ್ತೇವೆ" ಎಂದೆ. ಶೆಡ್ಡಿನ ಕೂಗು ಲೆಕ್ಕಕ್ಕಿದೆಯೋ ಇಲ್ಲವೋ ಎಂದು ಫೋನಿನಲ್ಲಿ ವಾದ ಮಾಡುವ ಮನಸ್ಸಿರಲಿಲ್ಲ. ರಿಪೇರಿ ಮುಗಿದ ಮೇಲೆ ಕೂಗಿದರೆ ಎಂದಲ್ಲವೇ ಒಪ್ಪಂದ?

ನಿಜವಾದ ಪರೀಕ್ಷೆ ಇದ್ದದ್ದು ನಮ್ಮ ಏರಿನಲ್ಲಿ. ಪುತ್ತೂರು, ಸುಳ್ಯ ದಾಟಿ ಅರಂತೋಡಿನಲ್ಲಿ ತಿರುಗಿ ಡಾಮರು ಮುಗಿಯುವವರೆಗೆ ಇಬ್ಬರ ಕಿವಿಯೂ ಬಾನೆಟ್ಟಿನ ಕಡೆ. ಕಾಂಕ್ರೀಟು ಸುರುವಾದಾಗ ಅತ್ತೆ ನಾಲ್ಕು ಚಕ್ರಕ್ಕೂ ಗೇರು ಹಾಕಿದರು. ನನಗೆ ಮತ್ತೆ ಬೈರಾಸು ಕಾಣಿಸಿತು. ಬಾನೆಟ್ಟಿನ ಅಡಿಯಲ್ಲಿ ಈಗ ಬೆಲ್ಟು ಓಡುತ್ತಿದೆ, ನನ್ನ ಮೊಣಕಾಲಿನಿಂದ ಎಷ್ಟು ದೂರ, ಅತ್ತೆಯ ಸೆರಗು ಎಲ್ಲಿದೆ. ಕಲ್ಲಿನ ದಾರಿಯಲ್ಲಿ ಜೀಪು ಕುಣಿಯುತ್ತಾ ಹತ್ತಿತು. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಯಾವಾಗಲೂ ಕೂಗುವ ತಿರುವು ಬಂತು. ಅತ್ತೆಯೂ ಉಸಿರು ಹಿಡಿದದ್ದು ನನಗೆ ಗೊತ್ತಾಯಿತು. ತಿರುವು ಹೋಯಿತು.

ಅಂಗಳದಲ್ಲಿ ಗಂಡ ಬೆನ್ನು ಹಾಕಿ ದನದ ಹಟ್ಟಿಯ ನಲ್ಲಿ ಸರಿ ಮಾಡುತ್ತಿದ್ದರು. ಜೀಪು ಬಂದು ಹಿಂದೆ ನಿಂತ ಮೇಲೆಯೇ ತಿರುಗಿದ್ದು.

"ಎಂತ, ಕೆಳಗಿಂದ ದೂಡಿಕೊಂಡು ಬಂದ್ರಾ?"

"ಹೌದು, ನಿನ್ನ ಹೆಂಡತಿ ದೂಡಿದ್ಲು" ಎಂದರು ಅತ್ತೆ. ಇಳಿದು ಬಂದು ಮಗನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತರು. "ಇನ್ನು ಸುಳ್ಯದವರಿಗೆ ಹೇಳು, ಜೀಪು ಇಲ್ಲ ಅಂತ."

ಗಂಡ ನನ್ನ ಕಡೆ ನೋಡಿದರು. ಶೆಡ್ಡಿನಲ್ಲಿ ಆದದ್ದನ್ನೆಲ್ಲ ಹೇಳಿದೆ, ನೀಲಿ ರಾಟೆಯನ್ನೂ ಬ್ಯಾಗಿನಿಂದ ತೆಗೆದು ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಅವರು, "ಇದು ಹುಡುಕಿ ಹುಡುಕಿ ಸಿಗದೆ ನಾನು ಹೊಸ ಪಂಪು ತಗೊಂಡದ್ದು" ಎಂದರು. ಮಾರುವ ಸುದ್ದಿ ಮತ್ತೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅತ್ತೆಯ ಜೊತೆ ಹೊರಟೆ. ದಾರಿಯಲ್ಲಿ ಒಂದು ಕ್ಯಾನೂ ಇರಲಿಲ್ಲ. ನಾವು ಇಷ್ಟು ದಿನ ಇಲ್ಲದ್ದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದಾರೆಂದು ಅತ್ತೆ ನಿಲ್ಲಿಸದೆ ಇಳಿದರು. ಸೊಸೈಟಿಯಲ್ಲಿ ನಮ್ಮ ಹಾಲು ಅಳೆಯುತ್ತಿದ್ದಾಗ ಗುಡ್ಡೆಯ ಕೆಳಮನೆಯವರು ತಲೆಯ ಮೇಲೆ ಕ್ಯಾನು ಹೊತ್ತುಕೊಂಡು ಓಡಿ ಬಂದರು.

"ಎಂತ ಅಕ್ಕ, ಹೇಳದೆ ಕೇಳದೆ ಬಂದದ್ದು?"

"ದಿನಾ ಹೇಳಿ ಬರ್ತೇನಾ ನಾನು?"

"ಮತ್ತೆ! ಮೇಲಿನ ತಿರುವಿನಲ್ಲಿ ಜೀಪು ಕೂಗಿದ ಮೇಲೆಯೇ ನಾವು ಕ್ಯಾನು ಹೊರಗೆ ಇಡುದು. ಮೊದಲೇ ಇಟ್ರೆ ನಾಯಿ ಮುಚ್ಚಳ ತೆಗೀತದೆ. ಇವತ್ತು ಎಲ್ರೂ ಕಾಯ್ತಾ ಕೂತಿದ್ದಾರೆ."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಉಳಿದ ಹಾಲಿಗೋಸ್ಕರ ಜೀಪು ಮತ್ತೆ ಗುಡ್ಡೆ ಹತ್ತಿತು. ಒಂದೊಂದು ಮನೆಯೆದುರೂ ದೂರು. "ಹಾರನ್ ಹಾಕ್ತೇನೆ" ಎಂದರು ಅತ್ತೆ. ಕೆಳಗೆ ಮಡಿಕೇರಿ ರಸ್ತೆಯಲ್ಲಿ ಇಡೀ ದಿನ ಹಾರನ್, ಯಾವುದು ಯಾರದ್ದೆಂದು ಹೇಗೆ ಗೊತ್ತಾಗುವುದು ಎಂದರು ನೆರೆಯವರು. "ಬೆಲ್ಟು ಸ್ವಲ್ಪ ಸಡಿಲ ಮಾಡಿ ಅಕ್ಕ, ನಮಗೋಸ್ಕರ" ಎಂದು ಒಬ್ಬರು ಹೇಳಿದಾಗ ನನ್ನ ಬಾಯಿಂದ "ಬೇಡ!" ಎಂದು ಎಷ್ಟು ಜೋರಾಗಿ ಬಂತೆಂದರೆ, ಕಟ್ಟಿಹಾಕಿದ್ದ ಹಸು ಹಗ್ಗ ಜಗ್ಗಿತು.

"ಇಷ್ಟು ಗಂಟಲು ಉಂಟಲ್ಲ ನಿನಗೆ" ಎಂದರು ಅತ್ತೆ.

ಹಾಗೆ ನನಗೊಂದು ಉದ್ಯೋಗವಾಯಿತು, ರಜೆ ಮುಗಿದ ಮೇಲೂ ಅದು ಮುಂದುವರಿದಿದೆ. ಮೇಲಿನ ತಿರುವಿನಲ್ಲಿ ಅತ್ತೆ ಜೀಪು ನಿಧಾನ ಮಾಡುತ್ತಾರೆ, ನಾನು ಬಾಯಿಗೆ ಎರಡು ಕೈ ಅಡ್ಡ ಹಿಡಿದು 'ಕೂ' ಹಾಕುತ್ತೇನೆ. ಮೊದಲ ದಿನ ಬಿ.ಎಸ್ಸಿ. ಓದಿದ ಟೀಚರಿಗೆ ನಾಚಿಕೆಯಾಗಿ ಅರ್ಧ 'ಕೂ' ಮಾತ್ರ ಹೊರಟಿತು. ಈಗ ಕೆಳಗಿನಿಂದ ಉತ್ತರ ಬರುವವರೆಗೆ ಹಾಕುತ್ತೇನೆ. ಬೈರಾಸು ಇನ್ನೂ ಒಳಗೆ ಹೋಗುತ್ತಲೇ ಇದೆ, ದಿನಕ್ಕೊಮ್ಮೆಯಾದರೂ. ಗುಡ್ಡೆಗೆ ಕೇಳುವ ಹಾಗೆ ಕೂಗಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

ರಜೆಯ ಒಂದು ಬೆಳಿಗ್ಗೆ ಕ್ಯಾನುಗಳನ್ನೆಲ್ಲ ಸೊಸೈಟಿಯಲ್ಲಿ ಇಳಿಸಿ ಹತ್ತಿ ಕುಳಿತ ಮೇಲೆ ಅತ್ತೆ ಮನೆಯ ಕಡೆ ತಿರುಗಿಸಲಿಲ್ಲ. ಆವತ್ತು ಅವರು ಸೀರೆ ಉಟ್ಟು ಬಂದದ್ದನ್ನು ನಾನು ಆಗಲೇ ಗಮನಿಸಿದ್ದು. ಜೀಪು ಸುಳ್ಯದ ದಾರಿ ಹಿಡಿಯಿತು.

"ಎಲ್ಲಿಗೆ?" ಎಂದೆ.

"ಕಡಬಕ್ಕೆ. ತಂಗಿ ಹಲಸಿನ ಕಡುಬು ಮಾಡ್ತೇನೆ ಅಂದಿದ್ಲು." ಗೇರು ಬದಲಿಸಿ, ದಾರಿ ನೋಡುತ್ತಲೇ ಹೇಳಿದರು, "ಅವನಿಗೆ ಫೋನು ಮಾಡು. ಕೇಳುದು ಎಂತದೂ ಬೇಡ. ಮಧ್ಯಾಹ್ನದ ಅನ್ನ ಅವನೇ ಇಡಲಿ ಅಂತ ಹೇಳು, ಸಾಕು."